ಓದುಗರ ಪ್ರಶ್ನೆ: ಮಳೆಗಾಲದ ನೆಟ್, 26 ಜಿಪ್ ಫೈಲು, ಹುಡುಕಿದರೂ ಸಿಗದ ಕೋಣಂದೂರು

ಈ ಸಲ ಸಾಫ್ಟ್‌ವೇರ್ ಕೆಲಸದವರ ಪ್ರಶ್ನೆಗಳನ್ನಷ್ಟೇ ತೆಗೆದುಕೊಂಡಿದ್ದೇವೆ. ಒಂದೇ ಬಗೆಯವನ್ನು ಸೇರಿಸಿ ಒಂದಾಗಿಸಿದ್ದೇವೆ. ಹೆಸರಿನ ಬದಲು ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ಆಗುಂಬೆ ಕಡೆಯ ಹಳ್ಳಿಯ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತೇನೆ. ಮಳೆ ಹಿಡಿದರೆ ಕರೆಂಟು ಯಾವಾಗ ಹೋಗುತ್ತದೋ ಹೇಳುವಂತಿಲ್ಲ, ನೆಟ್ ಗಂಟೆಗೆ ಎರಡು ಸಲ ಕಡಿಯುತ್ತದೆ. ದೊಡ್ಡ ಪ್ರಾಜೆಕ್ಟ್ ಕ್ಲೋನ್ ಮಾಡಲು (ಸರ್ವರ್‌ನಿಂದ ಪೂರ್ತಿ ನಕಲು ಇಳಿಸಿಕೊಳ್ಳಲು) ಕೂತರೆ ಮುಕ್ಕಾಲು ಭಾಗ ಬಂದು ನಿಲ್ಲುತ್ತದೆ, ಮತ್ತೆ ಮೊದಲಿಂದ. ಊರು ಬಿಡದೆ ಈ ಕೆಲಸ ನಡೆಸಲು ಆಗುತ್ತದೆಯೇ?
— ತೀರ್ಥಹಳ್ಳಿ ತಾಲ್ಲೂಕು

ಆಗುತ್ತದೆ. ಆದರೆ ನೆಟ್ ಸದಾ ಇರುತ್ತದೆ ಎಂದು ನಂಬಿ ಮಾಡಿಟ್ಟ ಅಭ್ಯಾಸಗಳನ್ನು ಒಂದೊಂದಾಗಿ ಬದಲಿಸಿಕೊಳ್ಳಬೇಕು.

ಮೊದಲು ಕ್ಲೋನ್. ಕೋಡಿನ ಪ್ರತಿ ಬದಲಾವಣೆಯ ಇತಿಹಾಸ ಇಡುವ ತಂತ್ರಾಂಶವೇ ಗಿಟ್. ಬಿಟ್ಟಲ್ಲಿಂದ ಮುಂದುವರಿಸುವ ವ್ಯವಸ್ಥೆ ಗಿಟ್ ಕ್ಲೋನ್‌ಗೆ ಇಲ್ಲ. ನಡುವೆ ಕಡಿದರೆ ಅಲ್ಲಿಯವರೆಗೆ ಇಳಿದದ್ದೆಲ್ಲ ಹೋಯಿತು. ಆದ್ದರಿಂದ ತುಂಡು ತುಂಡಾಗಿ ತರಿಸಿಕೊಳ್ಳಿ. ಕ್ಲೋನ್ ಮಾಡುವಾಗ 'ಡೆಪ್ತ್ 1' ಆಯ್ಕೆ ಕೊಟ್ಟರೆ ಹಳೆಯ ಇತಿಹಾಸ ಬಿಟ್ಟು ಇವತ್ತಿನ ಫೈಲುಗಳಷ್ಟೇ ಬರುತ್ತವೆ. ಅದು ಇಳಿದ ಮೇಲೆ 'ಗಿಟ್ ಫೆಚ್'ಗೆ 'ಡೀಪನ್ 50' ಸೇರಿಸಿ ಓಡಿಸಿ. ಪ್ರತಿ ಸಲ 50 ಕಮಿಟ್‌ನಷ್ಟು, ಅಂದರೆ ದಾಖಲಾದ 50 ಬದಲಾವಣೆಯಷ್ಟು, ಹಿಂದಕ್ಕೆ ಹೋಗುತ್ತದೆ, ಮುಗಿದ ಪ್ರತಿ ಕಂತೂ ನಿಮ್ಮ ಡಿಸ್ಕಿನಲ್ಲಿ ಉಳಿಯುತ್ತದೆ. ಡೆಪ್ತ್ ಕೊಟ್ಟಾಗ ಒಂದೇ ಬ್ರಾಂಚ್ (ಕೋಡಿನ ಒಂದು ಕವಲು) ಬರುತ್ತದೆ ಎಂಬುದು ನೆನಪಿರಲಿ, ಬೇರೆಯದು ಬೇಕಾದರೆ ಕೇಳಿ ತರಿಸಬೇಕು. ಫೈಲುಗಳ ಒಳಹೂರಣವನ್ನು ಬೇಕಾದಾಗ ಮಾತ್ರ ತರಿಸುವ 'ಫಿಲ್ಟರ್' ಆಯ್ಕೆಯನ್ನೂ ಕೆಲವರು ಹೇಳಿಕೊಡುತ್ತಾರೆ. ನಿಮಗೆ ಅದು ಬೇಡ. ನೆಟ್ ಇಲ್ಲದ ಹೊತ್ತಿನಲ್ಲಿ ಹಳೆಯ ಫೈಲು ತೆರೆಯಹೋದರೆ ಅಲ್ಲೇ ಸಿಕ್ಕಿಕೊಳ್ಳುತ್ತೀರಿ.

ಬೆಂಗಳೂರಿಗೆ ಹೋಗಿಬರುವುದಿದ್ದರೆ ಇನ್ನೂ ಸುಲಭ. ಅಲ್ಲಿ 'ಗಿಟ್ ಬಂಡಲ್' ಆಜ್ಞೆಯಿಂದ ಇಡೀ ಪ್ರಾಜೆಕ್ಟನ್ನು ಒಂದೇ ಫೈಲಾಗಿ ಕಟ್ಟಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಮನೆಯಲ್ಲಿ ಆ ಫೈಲಿನಿಂದಲೇ ಕ್ಲೋನ್ ಮಾಡಿ, 'ರಿಮೋಟ್' ವಿಳಾಸವನ್ನು ಕಂಪನಿಯ ಸರ್ವರ್‌ಗೆ ತಿರುಗಿಸಿದರೆ ಮುಂದೆ ಬರುವುದು ಹೊಸ ಬದಲಾವಣೆ ಮಾತ್ರ. ಕಂಪನಿಯ ಅನುಮತಿ ಪಡೆದು, ಪೆನ್‌ಡ್ರೈವನ್ನು ಎನ್‌ಕ್ರಿಪ್ಟ್ ಮಾಡಿಯೇ ಇದನ್ನು ಮಾಡಿ.

ಲೈಬ್ರರಿಗಳೂ ಹಾಗೆಯೇ. ನೆಟ್ ಚೆನ್ನಾಗಿರುವ ಬೆಳಗಿನ ಹೊತ್ತಿನಲ್ಲಿ ತರಿಸಿಟ್ಟುಕೊಳ್ಳಿ. ಜಾವಾಸ್ಕ್ರಿಪ್ಟ್ ಲೈಬ್ರರಿ ತರಿಸುವ ಎನ್‌ಪಿಎಮ್‌ಗೆ 'ಪ್ರಿಫರ್ ಆಫ್‌ಲೈನ್' ಎಂದು ಹೇಳಿದರೆ ಮೊದಲು ನಿಮ್ಮಲ್ಲಿರುವ ದಾಸ್ತಾನನ್ನು ನೋಡುತ್ತದೆ. ಪೈಥಾನ್‌ನವರು 'ಪಿಪ್ ಡೌನ್‌ಲೋಡ್' ಮಾಡಿ ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಂಡು ಅಲ್ಲಿಂದಲೇ ಇನ್‌ಸ್ಟಾಲ್ ಮಾಡಬಹುದು. ಜಾವಾದವರ ಮೇವನ್‌ಗೆ 'ಗೋ ಆಫ್‌ಲೈನ್' ಇದೆ. ಭಾಷೆ, ಲೈಬ್ರರಿಗಳ ದಾಖಲೆ ಓದಲು ಝೀಲ್ ಅಂಥ ಆಫ್‌ಲೈನ್ ತಂತ್ರಾಂಶ ಹಾಕಿಕೊಳ್ಳಿ.

ಸರ್ವರ್‌ನಲ್ಲಿ ಕೆಲಸ ಮಾಡುವಾಗ ಲಾಗಿನ್ ಆದ ಕೂಡಲೇ ಟಿಮಕ್ಸ್ ತೆರೆಯಿರಿ. ನೆಟ್ ಕಡಿದರೂ ಒಳಗೆ ಓಡುತ್ತಿದ್ದ ಕೆಲಸ ಓಡುತ್ತಲೇ ಇರುತ್ತದೆ, ಮತ್ತೆ ಬಂದು ಸೇರಿಕೊಳ್ಳಬಹುದು. ಟಿಮಕ್ಸ್ ಇಲ್ಲದೆ ಡೇಟಾಬೇಸ್ ಬದಲಾವಣೆ ಓಡಿಸಿ, ಅರ್ಧದಲ್ಲಿ ಕಡಿದು, ಯಾವುದು ಆಯಿತು ಯಾವುದು ಇಲ್ಲ ಎಂದು ತಿಳಿಯದೆ ಕೂರುವ ಸಂಕಟ ಯಾರಿಗೂ ಬೇಡ.

ಇನ್ನು ಕರೆಂಟು. ರೂಟರ್‌ಗೆ ಮಿನಿ ಯುಪಿಎಸ್ ಕೊಳ್ಳುವಾಗ ಬಹಳ ಜನ ಒಂದು ಲೆಕ್ಕ ತಪ್ಪುತ್ತಾರೆ. ಡಬ್ಬದ ಮೇಲೆ 8,800 ಎಂಎಎಚ್ ಎಂದಿದ್ದರೆ ಅದು ಸಾಮಾನ್ಯವಾಗಿ ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ, ಹೊರಗೆ ಬರುವ 12 ವೋಲ್ಟಿನದಲ್ಲ. 8.8 ಅನ್ನು 3.7ರಿಂದ ಗುಣಿಸಿದರೆ ಸುಮಾರು 32.5 ವ್ಯಾಟ್-ಅವರ್. ವೋಲ್ಟೇಜ್ ಏರಿಸುವಾಗ ಆಗುವ ನಷ್ಟ ಕಳೆದು 26 ಎಂದಿಟ್ಟುಕೊಳ್ಳಿ. ರೂಟರ್, ಫೈಬರ್ ಪೆಟ್ಟಿಗೆ ಎರಡೂ ಸೇರಿ 12 ವ್ಯಾಟ್ ಎಳೆದರೆ ಎರಡು ಗಂಟೆ ಬರುತ್ತದೆ, ಎಂಟು ಗಂಟೆಯಲ್ಲ. ಕೊಳ್ಳುವ ಮೊದಲು ಎರಡೂ ಅಡಾಪ್ಟರ್‌ಗಳ ಮೇಲೆ ಬರೆದ ವೋಲ್ಟೇಜ್ ಓದಿ. ಒಂದು 12, ಇನ್ನೊಂದು 9 ಅಥವಾ 5 ಇರಬಹುದು. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ. ಫೈಬರ್‌ನ ಗಾಜಿನ ಎಳೆಯಲ್ಲಿ ಸಿಡಿಲು ಹರಿಯದಿದ್ದರೂ ಕರೆಂಟಿನ ತಂತಿಯಲ್ಲಿ ಬಂದೇ ಬರುತ್ತದೆ.

ಸಹೋದ್ಯೋಗಿಗಳಿಗೆ ಬೆಳಿಗ್ಗೆ ನಾಲ್ಕು ಸಾಲು, ಸಂಜೆ ನಾಲ್ಕು ಸಾಲು ಬರೆದು ಕಳಿಸಿ: ಏನು ಮುಗಿಯಿತು, ಏನು ಸಿಕ್ಕಿಕೊಂಡಿದೆ, ಯಾರಿಂದ ಏನು ಬೇಕು. ಫೋನಿಗೆ ಸಿಗದಿದ್ದರೂ ನಿಮ್ಮ ಕೆಲಸ ಕಾಣುತ್ತಿದ್ದರೆ ಯಾರೂ ಗೊಣಗುವುದಿಲ್ಲ.

ಪ್ರಶ್ನೆ: ಎಡಿಟರ್ ಬದಲಿಸಿದರೆ ಕೆಲಸ ಚುರುಕಾಗುತ್ತದೆಯೇ? ವಿಎಸ್ ಕೋಡ್ ಬಿಟ್ಟು ವಿಮ್ ಕಲಿಯಬೇಕೆಂದು ಗೆಳೆಯರು ಹೇಳುತ್ತಾರೆ.
— ಭದ್ರಾವತಿ

ಇದ್ದುದರಲ್ಲೇ ಇರಿ. ಈ ವಾರ ಐದು ಕೀಲಿಗಳನ್ನು ಬೆರಳಿಗೆ ಹತ್ತಿಸಿಕೊಳ್ಳಿ: ಎಫ್12 ಒತ್ತಿದರೆ ಫಂಕ್ಷನ್ ಬರೆದ ಜಾಗಕ್ಕೆ ಹೋಗುತ್ತದೆ, ಶಿಫ್ಟ್ ಸೇರಿಸಿದರೆ ಅದನ್ನು ಎಲ್ಲೆಲ್ಲಿ ಬಳಸಿದ್ದಾರೆ ಎಂದು ತೋರಿಸುತ್ತದೆ, ಎಫ್2 ಎಲ್ಲ ಕಡೆ ಹೆಸರು ಬದಲಿಸುತ್ತದೆ, ಕಂಟ್ರೋಲ್-ಪಿ ಫೈಲು ತೆರೆಯುತ್ತದೆ, ಕಂಟ್ರೋಲ್-ಶಿಫ್ಟ್-ಎಫ್ ಇಡೀ ಪ್ರಾಜೆಕ್ಟ್ ಹುಡುಕುತ್ತದೆ. ನಮ್ಮ ದಿನ ಹೆಚ್ಚು ಹೋಗುವುದು ಓದುವುದರಲ್ಲಿ, ಬರೆಯುವುದರಲ್ಲಲ್ಲ. ಓದುವುದು ಚುರುಕಾದರೆ ಸಾಕು. ಸರ್ವರ್‌ನಲ್ಲಿ ಫೈಲು ತಿದ್ದಿ, ಉಳಿಸಿ, ಹೊರಬರುವಷ್ಟು ವಿಮ್ ಗೊತ್ತಿರಲಿ.

ಪ್ರಶ್ನೆ: ನಾವು ಮೂವರು ಸೇರಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಕೋಡನ್ನು ಜಿಪ್ ಮಾಡಿ ವಾಟ್ಸ್‌ಆಪ್‌ನಲ್ಲಿ ಕಳಿಸಿಕೊಳ್ಳುವುದು ರೂಢಿ. ಹೀಗೆ 26 ಜಿಪ್ ಆಗಿವೆ. ಈಗ ವಾಪಸು ಬಂದ ಮಾಲಿಗೆ ಜಿಎಸ್‌ಟಿ ಎರಡು ಸಲ ಕಳೆಯುತ್ತಿದೆ. ಮೊದಲು ಸರಿಯಿತ್ತು. ಯಾವಾಗ ಕೆಟ್ಟಿತೆಂದು ಕಂಡುಹಿಡಿಯುವುದು ಹೇಗೆ?
— ಶಿವಮೊಗ್ಗ

ಆ 26 ಜಿಪ್‌ಗಳನ್ನು ಅಳಿಸದೆ ಇಟ್ಟುಕೊಂಡಿರುವುದು ದೊಡ್ಡ ಪುಣ್ಯ. ಅವುಗಳಿಂದಲೇ ಇತಿಹಾಸ ಕಟ್ಟಬಹುದು.

ಖಾಲಿ ಫೋಲ್ಡರ್‌ನಲ್ಲಿ 'ಗಿಟ್ ಇನಿಟ್' ಮಾಡಿ. ಏನೂ ಸೇರಿಸುವ ಮೊದಲು ಎರಡು ಫೈಲು ಬೇಕು. ಒಂದು, ಗಿಟ್‌ಇಗ್ನೋರ್: ಬಿಲ್ಡ್ ಆದ ಫೈಲುಗಳು, ಇಳಿಸಿಕೊಂಡ ಲೈಬ್ರರಿಗಳು, ಪಾಸ್‌ವರ್ಡ್ ಇರುವ ಫೈಲು, ಇವನ್ನೆಲ್ಲ ಹೊರಗಿಡಲು. ಎರಡು, ಗಿಟ್‌ಆಟ್ರಿಬ್ಯೂಟ್ಸ್: ಅದರಲ್ಲಿ 'ಟೆಕ್ಸ್ಟ್ ಆಟೋ' ಎಂದು ಒಂದು ಸಾಲು. ನಿಮ್ಮಲ್ಲಿ ಒಬ್ಬರು ವಿಂಡೋಸ್, ಇನ್ನೊಬ್ಬರು ಲಿನಕ್ಸ್ ಬಳಸಿದ್ದರೆ ಸಾಲಿನ ಕೊನೆಯ ಗುರುತು ಬೇರೆ ಬೇರೆ ಇರುತ್ತದೆ. ಈ ಒಂದು ಸಾಲು ಇಲ್ಲದಿದ್ದರೆ ಒಂದಕ್ಷರ ಬದಲಾಗದ ಫೈಲೂ ಪೂರ್ತಿ ಬದಲಾದಂತೆ ಕಾಣುತ್ತದೆ.

ಇನ್ನು ಜಿಪ್‌ಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ. ಹಳೆಯದರಿಂದ ಶುರು ಮಾಡಿ ಬಿಚ್ಚಿ, 'ಗಿಟ್ ಆಡ್' ಮಾಡಿ, ಕಮಿಟ್ ಮಾಡಿ, ಸಂದೇಶದಲ್ಲಿ ಜಿಪ್ಪಿನ ಹೆಸರು ಬರೆಯಿರಿ. 'ಡೇಟ್' ಆಯ್ಕೆಯಿಂದ ಹಳೆಯ ತಾರೀಖನ್ನೇ ಹಾಕಬಹುದು. ಮುಂದಿನದನ್ನು ಬಿಚ್ಚುವ ಮೊದಲು ಗಿಟ್‌ನ ಫೋಲ್ಡರ್ ಮತ್ತು ಮೇಲಿನ ಎರಡು ಫೈಲು ಬಿಟ್ಟು ಉಳಿದದ್ದನ್ನೆಲ್ಲ ಅಳಿಸಿ. ಇದನ್ನು ಮರೆತು ಒಂದರ ಮೇಲೊಂದು ಬಿಚ್ಚಿದರೆ, ನಡುವೆ ನೀವು ತೆಗೆದುಹಾಕಿದ್ದ ಫೈಲುಗಳು ಇತಿಹಾಸದಲ್ಲಿ ಬದುಕಿಯೇ ಉಳಿಯುತ್ತವೆ.

ಈಗ 'ಗಿಟ್ ಬೈಸೆಕ್ಟ್ ಸ್ಟಾರ್ಟ್'. ಕೊನೆಯದನ್ನು 'ಬ್ಯಾಡ್' ಎನ್ನಿ, ಮೊದಲನೆಯದನ್ನು ನಿಜವಾಗಿಯೂ ಸರಿಯಿದೆಯೇ ಎಂದು ಓಡಿಸಿ ನೋಡಿ 'ಗುಡ್' ಎನ್ನಿ. ಗಿಟ್ ನಡುವಿನದನ್ನು ತೆರೆದುಕೊಡುತ್ತದೆ. ನೀವು ಒಂದು ವಾಪಸಾತಿ ಬಿಲ್ ಹಾಕಿ ನೋಡಿ ಗುಡ್ಡೋ ಬ್ಯಾಡೋ ಹೇಳುತ್ತೀರಿ. ಪ್ರತಿ ಉತ್ತರಕ್ಕೂ ಉಳಿದವು ಅರ್ಧವಾಗುತ್ತವೆ. 26 ಜಿಪ್‌ಗೆ ಹೆಚ್ಚೆಂದರೆ 5 ಪರೀಕ್ಷೆ. ಸಾವಿರ ಕಮಿಟ್ ಇದ್ದರೂ 10 ಸಾಕು. ಪರೀಕ್ಷೆಯನ್ನು ಸ್ಕ್ರಿಪ್ಟ್ ಆಗಿ ಬರೆದರೆ 'ಬೈಸೆಕ್ಟ್ ರನ್' ತಾನೇ ಮುಗಿಸುತ್ತದೆ. ಸ್ಕ್ರಿಪ್ಟ್ 0 ಹಿಂತಿರುಗಿಸಿದರೆ ಸರಿ, 1 ಎಂದರೆ ಕೆಟ್ಟದ್ದು, 125 ಎಂದರೆ 'ಇದನ್ನು ಪರೀಕ್ಷಿಸಲು ಬರುತ್ತಿಲ್ಲ, ಬಿಟ್ಟು ಮುಂದೆ ಹೋಗು'. ಈ 125 ನಿಮಗೆ ಬೇಕಾಗುತ್ತದೆ. ಹಳೆಯ ಕೋಡು ಇವತ್ತಿನ ಡೇಟಾಬೇಸ್‌ನ ಹೊಸ ಕಾಲಂ ನೋಡಿ ಏಳದೇ ಹೋಗಬಹುದು. ಅದು ಜಿಎಸ್‌ಟಿ ತಪ್ಪಲ್ಲ, ಅದನ್ನು 'ಬ್ಯಾಡ್' ಎಂದುಬಿಟ್ಟರೆ ಹುಡುಕಾಟ ಇಡಿಯಾಗಿ ದಾರಿ ತಪ್ಪುತ್ತದೆ. ಇದೆಲ್ಲ ನಡೆಯುವುದು ಪರೀಕ್ಷೆಯ ಡೇಟಾಬೇಸ್‌ನಲ್ಲಿ, ಗಿರಾಕಿಯದರಲ್ಲಿ ಬೇಡವೇ ಬೇಡ.

ಕೆಟ್ಟ ಜಿಪ್ ಸಿಕ್ಕಿದಾಗ ಇನ್ನೊಂದು ಕಷ್ಟ ಎದುರಾಗುತ್ತದೆ. ಆ ಒಂದು ಜಿಪ್ಪಿನಲ್ಲಿ ಮೂವರ ಒಂದು ವಾರದ ಬದಲಾವಣೆ ಕಲೆಸಿರುತ್ತದೆ. ಮುಂದೆ ಹೀಗಾಗದಿರಲು ಒಂದು ಕಮಿಟ್‌ಗೆ ಒಂದೇ ಕೆಲಸ ಇರಲಿ. ಹೆಸರು ಬದಲಿಸಿದ್ದು ಒಂದು ಕಮಿಟ್, ತೆರಿಗೆ ಲೆಕ್ಕ ತಿದ್ದಿದ್ದು ಇನ್ನೊಂದು. ಒಂದೇ ಫೈಲಿನಲ್ಲಿ ಎರಡೂ ಬೆರೆತಿದ್ದರೆ 'ಗಿಟ್ ಆಡ್'ಗೆ 'ಪ್ಯಾಚ್' ಆಯ್ಕೆ ಕೊಟ್ಟು ಬೇರ್ಪಡಿಸಿ. ಸಂದೇಶದಲ್ಲಿ 'ಫಿಕ್ಸ್' ಎಂದಷ್ಟೇ ಗೀಚಬೇಡಿ. ಏನು ಬದಲಾಯಿತು ಎಂಬುದನ್ನು ಕೋಡೇ ಹೇಳುತ್ತದೆ, ಯಾಕೆ ಎಂಬುದನ್ನು ನೀವು ಬರೆಯಬೇಕು. ಬ್ರಾಂಚ್ ಎರಡು ದಿನಕ್ಕಿಂತ ಹೆಚ್ಚು ಬೇರೆ ಉಳಿಯದಿರಲಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿದ ಮೇಲೇ ಸೇರಿಸಿ. 200 ಸಾಲು ದಾಟಿದರೆ ಓದುವವರು ಓದುವುದಿಲ್ಲ, ಸುಮ್ಮನೆ ಒಪ್ಪಿಗೆ ಕೊಡುತ್ತಾರೆ. ಅಷ್ಟರೊಳಗೆ ನಿಲ್ಲಿಸಿ ಎಂಬುದು ನಮ್ಮ ಸಲಹೆ.

ಡೇಟಾಬೇಸ್ ಬದಲಾವಣೆಗಳನ್ನು 001, 002 ಎಂದು ನಂಬರು ಹಾಕಿದ ಎಸ್‌ಕ್ಯೂಎಲ್ ಫೈಲುಗಳಾಗಿ ಕೋಡಿನ ಜೊತೆಗೇ ಇಡಿ. ಅಂಗಡಿಗೆ ಹೊಸ ಆವೃತ್ತಿ ಹಾಕುವ ಕೆಲಸವನ್ನೂ ಒಂದು ಸ್ಕ್ರಿಪ್ಟ್‌ಗೆ ಇಳಿಸಿ, ಅದರ ಮೊದಲ ಹೆಜ್ಜೆ ಬ್ಯಾಕಪ್ ಆಗಿರಲಿ. ಆ ಬ್ಯಾಕಪ್ಪನ್ನು ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನಿನ್ನೆಯ ಬಿಲ್ಲುಗಳು ಇವೆಯೇ ಎಂದು ಎಣಿಸಿ. ಪಾಸ್‌ವರ್ಡ್ ಯಾವಾಗಲಾದರೂ ಕಮಿಟ್‌ನೊಳಗೆ ಹೋಗಿದ್ದರೆ ಫೈಲು ಅಳಿಸಿ ಸುಮ್ಮನಾಗಬೇಡಿ. ಇತಿಹಾಸದಲ್ಲಿ ಅದು ಇದ್ದೇ ಇರುತ್ತದೆ, ಪಾಸ್‌ವರ್ಡನ್ನೇ ಬದಲಿಸಿ.

ಪ್ರಶ್ನೆ: ಎಂಜಿನಿಯರಿಂಗ್ ಕೊನೆಯ ವರ್ಷ. ಜಾವಾ, ಪೈಥಾನ್ ಎರಡರ ವಿಡಿಯೊ ಪಾಠಗಳನ್ನೂ ಪೂರ್ತಿ ನೋಡಿದ್ದೇನೆ. ನೋಡುವಾಗ ಎಲ್ಲ ಅರ್ಥವಾಗುತ್ತದೆ. ಖಾಲಿ ಫೈಲು ತೆರೆದರೆ ಕೈ ಓಡುವುದಿಲ್ಲ.
— ಶಿವಮೊಗ್ಗ

ಇನ್ನೊಂದು ವಿಡಿಯೊ ನೋಡಬೇಡಿ. ನೋಡಿದಾಗ ಅರ್ಥವಾಗುವುದೇ ಬೇರೆ, ಮುಂದೇನು ಮಾಡಬೇಕೆಂದು ತಾನೇ ತೀರ್ಮಾನಿಸುವುದೇ ಬೇರೆ. ಎರಡನೆಯದು ಬರುವುದು ನಿಮ್ಮೂರಿನ ಯಾವುದಾದರೂ ನಿಜವಾದ ಲೆಕ್ಕವನ್ನು ಹಿಡಿದು ಕೂತಾಗ.

ಅಡಿಕೆ ಮಂಡಿಯ ತೂಕದ ಚೀಟಿಯನ್ನೇ ತೆಗೆದುಕೊಳ್ಳಿ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬುವು ತಳಿಯಲ್ಲ, ದರ್ಜೆ. ದರ ಕ್ವಿಂಟಲ್‌ಗೆ, ತೂಕ ಕಿಲೋದಲ್ಲಿ, ಕೊನೆಗೆ ಹಮಾಲಿ, ಮುಂಗಡ ಕಳೆದು ಕೈಗೆ ಬರುವ ಹಣ. ಮೊದಲ ದಿನ ಕಂಪ್ಯೂಟರ್ ಮುಟ್ಟದೆ ಕಾಗದದ ಮೇಲೆ ಒಂದು ಚೀಟಿ ಬಿಡಿಸಿ. ಲೆಕ್ಕಕ್ಕಾಗಿ ದರ 47,350 ರೂಪಾಯಿ, ತೂಕ 62.4 ಕಿಲೋ ಎಂದಿಟ್ಟುಕೊಳ್ಳೋಣ. ಉತ್ತರ 29,546 ರೂಪಾಯಿ 40 ಪೈಸೆ. ಇದೇ ನಿಮ್ಮ ಮೊದಲ ಟೆಸ್ಟ್. ಫಂಕ್ಷನ್ ಬರೆಯುವ ಮೊದಲೇ ಈ ಟೆಸ್ಟ್ ಬರೆದಿಡಿ. ಖಾಲಿ ಫೈಲಿನ ಭಯಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ, ಏಕೆಂದರೆ ಎಲ್ಲಿಗೆ ಮುಟ್ಟಬೇಕೆಂಬುದು ಆಗಲೇ ಬರೆದಾಗಿರುತ್ತದೆ.

ಹಣವನ್ನು ದಶಮಾಂಶದ ಫ್ಲೋಟ್‌ನಲ್ಲಿ ಇಡಬೇಡಿ. ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಬರುತ್ತದೆ. ಪೈಸೆ ಮತ್ತು ಗ್ರಾಂ, ಎರಡನ್ನೂ ಪೂರ್ಣಾಂಕದಲ್ಲಿ ಇಡಿ: 47,35,000 ಪೈಸೆಯನ್ನು 62,400 ಗ್ರಾಂನಿಂದ ಗುಣಿಸಿ 1,00,000ದಿಂದ ಭಾಗಿಸುವುದು. ಜಾವಾದಲ್ಲಿ ಇದನ್ನು 'ಇಂಟ್' ಎಂಬ ಪೂರ್ಣಾಂಕದ ಬಗೆಯಲ್ಲಿ ಬರೆದು ನೋಡಿ. ರೈತನಿಗೆ ಸಿಗುವುದು ಮೈನಸ್ 88 ರೂಪಾಯಿ 87 ಪೈಸೆ! ಗುಣಲಬ್ಧ 29,546 ಕೋಟಿ ದಾಟುತ್ತದೆ, ಇಂಟ್‌ಗೆ ಹಿಡಿಯುವುದು 214 ಕೋಟಿ ಚಿಲ್ಲರೆ. ಉಕ್ಕಿ ಹರಿದು ಋಣ ಸಂಖ್ಯೆಯಾಗುತ್ತದೆ, ಜಾವಾ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ಇನ್ನೂ ದೊಡ್ಡ ಸಂಖ್ಯೆ ಹಿಡಿಯುವ 'ಲಾಂಗ್' ಬಳಸಿದರೆ ಸರಿಹೋಗುತ್ತದೆ. ಆದರೆ ಗುಣಾಕಾರಕ್ಕೆ ಮೊದಲೇ ಲಾಂಗ್ ಆಗಿರಬೇಕು. ಇಂಟ್‌ಗಳನ್ನು ಗುಣಿಸಿ ಬಂದ ಉತ್ತರವನ್ನು ಲಾಂಗ್‌ನಲ್ಲಿ ಇಟ್ಟರೆ, ಕೆಟ್ಟ ಉತ್ತರವೇ ದೊಡ್ಡ ಡಬ್ಬಕ್ಕೆ ಹೋದಂತೆ.

ದಿನಕ್ಕೆ ಒಂದು ಗಂಟೆ ಸಾಕು, ತಪ್ಪದೆ ಕೂರಬೇಕು. ಎರರ್ ಬಂದರೆ ಗಾಬರಿಯಾಗಿ ಇಡೀ ಪರದೆಯನ್ನು ಗೂಗಲ್‌ಗೆ ಸುರಿಯಬೇಡಿ. ಪೈಥಾನ್‌ನಲ್ಲಿ ಕೆಳಗಿನಿಂದ ಓದಿ, ತಪ್ಪಿನ ಹೆಸರು ಕೊನೆಯ ಸಾಲಿನಲ್ಲಿರುತ್ತದೆ. ಜಾವಾದಲ್ಲಿ 'ಕಾಸ್ಡ್ ಬೈ' ಎಂಬ ಸಾಲುಗಳಲ್ಲಿ ಎಲ್ಲಕ್ಕಿಂತ ಕೆಳಗಿನದು ಮೂಲ ಕಾರಣ, ಅದರಡಿ ನಿಮ್ಮದೇ ಫೈಲಿನ ಹೆಸರು ಮೊದಲು ಕಾಣುವ ಸಾಲಿಗೆ ಹೋಗಿ. ಇಪ್ಪತ್ತು ನಿಮಿಷ ಒದ್ದಾಡಿದರೂ ಬಗೆಹರಿಯದಿದ್ದರೆ ಮೂರು ಸಾಲು ಬರೆಯಿರಿ: ಏನಾಗಬೇಕಿತ್ತು, ಏನಾಯಿತು, ಏನೇನು ಮಾಡಿ ನೋಡಿದೆ. ಯಾರನ್ನಾದರೂ ಕೇಳುವುದು ಆಮೇಲೆ. ಎಷ್ಟೋ ಸಲ ಮೂರನೆಯ ಸಾಲು ಬರೆಯುವಾಗಲೇ ಉತ್ತರ ಹೊಳೆಯುತ್ತದೆ.

ಪ್ರಶ್ನೆ: ಎಐ ಎಲ್ಲ ಕೋಡನ್ನೂ ಬರೆದುಕೊಡುವಾಗ ಇಷ್ಟೆಲ್ಲ ಕಲಿಯಬೇಕೆ?
— ಹೊಸನಗರ

ಬರೆದುಕೊಟ್ಟದ್ದು ಸರಿಯೋ ತಪ್ಪೋ ಹೇಳುವವರು ನೀವೇ ಆದ್ದರಿಂದ ಕಲಿಯಲೇಬೇಕು. ಮೇಲಿನ ಅಡಿಕೆ ಲೆಕ್ಕವನ್ನೇ ಕೇಳಿ ನೋಡಿ. ಬರುವ ಕೋಡು ಅಚ್ಚುಕಟ್ಟಾಗಿರುತ್ತದೆ, ಆದರೆ ಒಳಗೆ ಫ್ಲೋಟ್ ಇದೆಯೋ ಇಂಟ್ ಇದೆಯೋ ಎಂದು ನೋಡುವ ಕಣ್ಣು ನಿಮ್ಮದಾಗಿರಬೇಕು. ಟೆಸ್ಟ್‌ಗಳನ್ನು ನೀವು ಬರೆಯಿರಿ, ಫಂಕ್ಷನ್ ಅದಕ್ಕೆ ಬಿಡಿ. ಒಂದು ಸಲಕ್ಕೆ ಒಂದು ಫಂಕ್ಷನ್, ಓದಿ ಅರ್ಥವಾಗದ ಸಾಲನ್ನು ಕಮಿಟ್ ಮಾಡಬಾರದು. ಇಲ್ಲದ ಲೈಬ್ರರಿಯ ಹೆಸರನ್ನು ಅದು ಧೈರ್ಯವಾಗಿ ಹೇಳುವುದುಂಟು, ಅಂಥ ಹೆಸರಿನಲ್ಲಿ ದುರುದ್ದೇಶದ ಪ್ಯಾಕೇಜ್ ಇಟ್ಟು ಕಾಯುವವರೂ ಇದ್ದಾರೆ. ಇನ್‌ಸ್ಟಾಲ್ ಮಾಡುವ ಮೊದಲು ಅದರ ಮೂಲ ಪುಟ, ಬರೆದವರು, ಎಷ್ಟು ಕಾಲದಿಂದ ಇದೆ ಎಂಬುದನ್ನು ನೋಡಿ. ಗಿರಾಕಿಗಳ ಹೆಸರು, ಫೋನು, ಬ್ಯಾಂಕ್ ವಿವರ ಇರುವ ಡೇಟಾವನ್ನು ಅಲ್ಲಿಗೆ ಅಂಟಿಸಬೇಡಿ.

ಪ್ರಶ್ನೆ: ಅಡಿಕೆ ವ್ಯಾಪಾರಿಯೊಬ್ಬರಿಗೆ ಕನ್ನಡದಲ್ಲೇ ಲೆಕ್ಕ ಇಡುವ ತಂತ್ರಾಂಶ ಮಾಡಿದ್ದೇನೆ. 'ಕೋಣಂದೂರು' ಎಂದು ಹುಡುಕಿದರೆ ಕೆಲವು ರೈತರ ಹೆಸರು ಬರುತ್ತದೆ, ಕೆಲವರದು ಬರುವುದಿಲ್ಲ. ಪರದೆಯ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ.
— ಸಾಗರ

ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ. 'ಕೋ' ಅಕ್ಷರವನ್ನು, ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬರೆಯಬಹುದು. ಕ ಮತ್ತು ಓ-ಕಾರದ ಒಂದೇ ಚಿಹ್ನೆ, ಒಟ್ಟು 2 ಸಂಕೇತ. ಇಲ್ಲವೇ ಕ, ಎ-ಕಾರದ ಚಿಹ್ನೆ, ಊ-ಕಾರದ ಚಿಹ್ನೆ, ದೀರ್ಘದ ಚಿಹ್ನೆ, ಒಟ್ಟು 4. ಹೀಗಾಗಿ 'ಕೋಣಂದೂರು' ಒಂದು ಕಡೆ 8 ಸಂಕೇತ, ಇನ್ನೊಂದು ಕಡೆ 10. ಸಂಕೇತಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಅಂದರೆ 24 ಮತ್ತು 30 ಬೈಟ್. ಅನುಮಾನ ಬಂದಾಗ ಸಿಗದ ಹೆಸರಿನ ಉದ್ದ ಅಳೆದು ನೋಡಿ, ಅಲ್ಲೇ ಗೊತ್ತಾಗುತ್ತದೆ.

ಇದಕ್ಕೆ, ಎಲ್ಲ ಬಗೆಯನ್ನೂ ಒಂದೇ ರೂಪಕ್ಕೆ ತರುವ ಎನ್‌ಎಫ್‌ಸಿ ಎಂಬ ನಾರ್ಮಲೈಸೇಶನ್ ಇದೆ. ಜಾವಾಸ್ಕ್ರಿಪ್ಟ್‌ನಲ್ಲಿ 'ನಾರ್ಮಲೈಜ್', ಪೈಥಾನ್‌ನಲ್ಲಿ 'ಯೂನಿಕೋಡ್‌ಡೇಟಾ' ಮಾಡ್ಯೂಲ್, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ 13ನೇ ಆವೃತ್ತಿಯಿಂದ 'ನಾರ್ಮಲೈಜ್' ಫಂಕ್ಷನ್. ಡೇಟಾ ಒಳಗೆ ಬರುವಾಗ ಒಮ್ಮೆ, ಹುಡುಕುವ ಪದಕ್ಕೆ ಒಮ್ಮೆ, ಎರಡೂ ಕಡೆ ಮಾಡಬೇಕು. ಒಂದು ಕಡೆ ಮಾತ್ರ ಮಾಡಿದರೆ ಈಗ ಸಿಗುತ್ತಿರುವವೂ ಕೈಬಿಡಬಹುದು.

ಎನ್‌ಎಫ್‌ಸಿಗೆ ಬಗ್ಗದ ತಪ್ಪುಗಳು ಇನ್ನೂ ಮೂರು ಇವೆ, ಕನ್ನಡ ಡೇಟಾ ಮುಟ್ಟಿದವರಿಗೆಲ್ಲ ಅವು ಎದುರಾಗುತ್ತವೆ. ಅನುಸ್ವಾರದ ಬದಲು ಕನ್ನಡ ಸೊನ್ನೆ ಒತ್ತಿರುತ್ತಾರೆ: 'ಕೋಣ೦ದೂರು'. ಅರ್ಕಾವತ್ತಿನ ಬದಲು ಕನ್ನಡ ಒಂಬತ್ತು: 'ಸಕಾ೯ರ'. ಮತ್ತೆ, 'ರಾಜ್‌ಕುಮಾರ್' ಎಂದು ಬಿಡಿಸಿ ಬರೆಯಲು ನಡುವೆ ಇಡುವ, ಕಣ್ಣಿಗೆ ಕಾಣದ ಜೋಡಣೆ ತಡೆಯುವ ಸಂಕೇತ. ಮೊದಲನೆಯದನ್ನು ನಿಯಮ ಹಾಕಿ ತಿದ್ದಬಹುದು: ಅಕ್ಷರಕ್ಕೆ ಅಂಟಿಕೊಂಡು ಬಂದ ಸೊನ್ನೆ ಅನುಸ್ವಾರ, ಅಂಕಿಗೆ ಅಂಟಿಕೊಂಡದ್ದು ಸೊನ್ನೆ. ಒಂಬತ್ತನ್ನು ಹಾಗೆ ತಿದ್ದಹೋಗಬೇಡಿ. ಅಲ್ಲಿ ರಕಾರ ಹಿಂದಿನ ಅಕ್ಷರಕ್ಕಿಂತ ಮೊದಲಿಗೆ ಜಿಗಿಯಬೇಕು, ಜೊತೆಗೆ ನಿಜವಾದ ಒಂಬತ್ತೂ ಇರಬಹುದು. ಅಂಥವನ್ನು ಪಟ್ಟಿ ಮಾಡಿ ವ್ಯಾಪಾರಿಯ ಗುಮಾಸ್ತರ ಕೈಗೆ ಕೊಡಿ, ಊರು ಬಲ್ಲವರು ಬೇಗ ತಿದ್ದಿಕೊಡುತ್ತಾರೆ.

ರೈತರು ಬರೆಸಿದ ಹೆಸರನ್ನು ಇದ್ದಂತೆಯೇ ಒಂದು ಕಾಲಂನಲ್ಲಿ ಇಡಿ, ಚೀಟಿಯ ಮೇಲೆ ಅಚ್ಚಾಗುವುದು ಅದೇ. ತಿದ್ದಿ, ಕಾಣದ ಸಂಕೇತ ತೆಗೆದ ರೂಪವನ್ನು ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ ಇಂಡೆಕ್ಸ್ ಹಾಕಿ, ಹುಡುಕಾಟವೆಲ್ಲ ಅದರಲ್ಲಿ ನಡೆಯಲಿ. ಹಳೆಯ ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಫಾಂಟಿನ ಫೈಲಿನಿಂದ ತಂದ ಹೆಸರುಗಳಿದ್ದರೆ ಅವು ಒಳಗೆ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಅವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಇನ್ನೂರು ಹೆಸರನ್ನಾದರೂ ಕಣ್ಣಾರೆ ನೋಡಿ, ಒತ್ತಕ್ಷರಗಳು ಸರಿ ಬಂದಿವೆ ಎಂದು ಖಾತ್ರಿಯಾದ ಮೇಲೆ ಡೇಟಾಬೇಸ್‌ಗೆ ಸೇರಿಸಿ.